ಶಿಶುಗಳ ಜನ್ಮಜಾತ ಹೃದಯದೋಷಗಳು ಮತ್ತು ಅವುಗಳ ತೊಡಕುಗಳು

ತಾಯಿಯ ಗರ್ಭದಲ್ಲಿ ಹೃದಯ ರೂಪುಗೊಳ್ಳುವಾಗ ಅದರ ಗೋಡೆಗಳಲ್ಲೋ ಕವಾಟಗಳಲ್ಲೋ ಅದರಿಂದ ಹೊರಡುವ ದೊಡ್ಡ ರಕ್ತನಾಳಗಳಲ್ಲೋ ಉಳಿದುಬಿಡುವ ರಚನೆಯ ಕೊರತೆಗಳನ್ನು ಒಟ್ಟಾಗಿ ಜನ್ಮಜಾತ ಹೃದಯದೋಷಗಳು ಎನ್ನುತ್ತಾರೆ. ಹುಟ್ಟುವ ಪ್ರತಿ 1,000 ಮಕ್ಕಳಲ್ಲಿ ಸುಮಾರು 8ರಿಂದ 9 ಮಕ್ಕಳಿಗೆ ಇಂಥ ಒಂದಲ್ಲ ಒಂದು ದೋಷವಿರುತ್ತದೆ. ಹುಟ್ಟಿನಿಂದ ಬರುವ ಅಂಗದೋಷಗಳಲ್ಲಿ ಇಷ್ಟು ಸಾಮಾನ್ಯವಾದದ್ದು ಬೇರೊಂದಿಲ್ಲ. ಭಾರತದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟುತ್ತಾರೆಂದು ಅಂದಾಜು. ಅವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮೊದಲ ವರ್ಷದೊಳಗೇ ಶಸ್ತ್ರಚಿಕಿತ್ಸೆ ಇಲ್ಲವೆ ಕ್ಯಾಥೆಟರ್ ಚಿಕಿತ್ಸೆ ಬೇಕಾಗುತ್ತದೆ. ಉಳಿದವರಲ್ಲಿ ಅನೇಕರ ದೋಷ ಸಣ್ಣದು. ಕೆಲವರದು ತಾನಾಗಿಯೇ ಸರಿಹೋಗುತ್ತದೆ.

ಈ ದೋಷಗಳ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು, ಪ್ರತಿಯೊಂದಕ್ಕೂ ಅದರದೇ ಗಡುವು ಇದೆ ಎಂಬುದು. ಒಂದರ ಗಡುವು ಹುಟ್ಟಿದ ಮೂರು ದಿನ, ಇನ್ನೊಂದರದು ಮೂರು ವಾರ, ಮತ್ತೊಂದರದು ಒಂದು ವರ್ಷ. ಗಡುವಿನೊಳಗೆ ಕೈಗೆ ಸಿಕ್ಕಿದ ಮಗು ಬಹಳಷ್ಟು ಸಲ ಉಳಿಯುತ್ತದೆ, ಓದುತ್ತದೆ, ದುಡಿಯುತ್ತದೆ. ಗಡುವು ಮೀರಿದರೆ ಮೂಲದೋಷಕ್ಕಿಂತ ಅದರ ತೊಡಕುಗಳೇ ಮುಂದಾಗುತ್ತವೆ. ಅವುಗಳಲ್ಲಿ ಕೆಲವನ್ನು ಜಗತ್ತಿನ ಯಾವ ಆಸ್ಪತ್ರೆಯೂ ಹಿಂದಕ್ಕೆ ತಿರುಗಿಸಲಾರದು.

ಗರ್ಭದಲ್ಲಿ, ಹುಟ್ಟಿದ ಮೇಲೆ

ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ ಹೃದಯವೆಂದರೆ ಒಂದು ನೇರ ಕೊಳವೆ, ಅಷ್ಟೆ. 22ನೆಯ ದಿನದ ಹೊತ್ತಿಗೆ ಅದು ಮಿಡಿಯತೊಡಗುತ್ತದೆ. ಆಮೇಲೆ ಬಲಕ್ಕೆ ಬಾಗಿ ಮಡಚಿಕೊಳ್ಳುತ್ತದೆ, ಒಳಗೆ ಗೋಡೆಗಳೇಳುತ್ತವೆ, ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿಗಳಾಗುತ್ತವೆ. ಹೊರಹೋಗುವ ಒಂದೇ ನಾಳ ಸುರುಳಿಯಾಗಿ ಇಬ್ಭಾಗವಾಗಿ, ಮೈಗೆ ರಕ್ತ ಒಯ್ಯುವ ಮಹಾಪಧಮನಿ ಮತ್ತು ಶ್ವಾಸಕೋಶಕ್ಕೆ ಒಯ್ಯುವ ಅಪಧಮನಿಯಾಗುತ್ತದೆ. ಎಂಟನೆಯ ವಾರ ಮುಗಿಯುವಷ್ಟರಲ್ಲಿ ಈ ಕೆಲಸವೆಲ್ಲ ಬಹುಮಟ್ಟಿಗೆ ತೀರಿರುತ್ತದೆ. ಎಷ್ಟೋ ಹೆಂಗಸರಿಗೆ ಮುಟ್ಟು ನಿಂತದ್ದು ಗಮನಕ್ಕೆ ಬಂದು, ಪರೀಕ್ಷೆ ಮಾಡಿಸಿ, ತಾವು ಗರ್ಭಿಣಿಯೆಂದು ಖಚಿತವಾಗುವುದು ಈ ಅವಧಿಯ ನಡುವೆ. ಆದ್ದರಿಂದಲೇ ಸಕ್ಕರೆಕಾಯಿಲೆಯ ಹತೋಟಿ, ರುಬೆಲ್ಲಾ ಲಸಿಕೆ, ಮಾತ್ರೆಗಳ ಬದಲಾವಣೆ ಇವೆಲ್ಲ ಗರ್ಭ ನಿಲ್ಲುವ ಮೊದಲೇ ಆಗಬೇಕಾದ ಕೆಲಸಗಳು.

ಗರ್ಭದಲ್ಲಿರುವ ಮಗು ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಮಾಸಿನಿಂದ ಹೊಕ್ಕುಳಬಳ್ಳಿಯ ಮೂಲಕ ಬರುತ್ತದೆ. ಕೆಲಸವಿಲ್ಲದ ಶ್ವಾಸಕೋಶವನ್ನು ಬಳಸಿಕೊಂಡು ಹೋಗಲು ರಕ್ತಕ್ಕೆ ಎರಡು ಒಳದಾರಿಗಳಿವೆ: ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ಒಂದು ಅಂಡಾಕಾರದ ಕಿಂಡಿ, ಶ್ವಾಸಕೋಶದ ಅಪಧಮನಿಯಿಂದ ಮಹಾಪಧಮನಿಗೆ ಸೇರುವ, ವೈದ್ಯರು ಡಕ್ಟಸ್ ಎನ್ನುವ ಗಿಡ್ಡ ನಾಳ. ಮಗು ಹುಟ್ಟಿ ಮೊದಲ ಸಲ ಅತ್ತೊಡನೆ ಶ್ವಾಸಕೋಶ ಅರಳುತ್ತದೆ, ಕಿಂಡಿಯ ಬಾಗಿಲು ಗೋಡೆಗೆ ಒರಗುತ್ತದೆ. ಡಕ್ಟಸ್ ಎರಡು ಮೂರು ದಿನಗಳಲ್ಲಿ ಸಂಕುಚಿಸಿ ಮುಚ್ಚುತ್ತದೆ. ಆದರೆ ಶ್ವಾಸಕೋಶದ ರಕ್ತನಾಳಗಳ ಬಿಗಿ ಅಷ್ಟು ಬೇಗ ಸಡಿಲವಾಗುವುದಿಲ್ಲ. ಅದಕ್ಕೆ ಆರರಿಂದ ಎಂಟು ವಾರ ಹಿಡಿಯುತ್ತದೆ.

ಈ ಎರಡು ಅವಧಿಗಳನ್ನು ನೆನಪಿಟ್ಟರೆ ಶಿಶುವಿನ ಹೃದ್ರೋಗದ ಅರ್ಧ ಗುಟ್ಟು ತಿಳಿದಂತೆ. ಡಕ್ಟಸ್ ತೆರೆದಿದ್ದರಷ್ಟೇ ಬದುಕುವ ಮಗು ಹುಟ್ಟಿದ ಮೊದಲ ವಾರದಲ್ಲಿ ಕುಸಿಯುತ್ತದೆ. ಗೋಡೆಯಲ್ಲಿ ದೊಡ್ಡ ತೂತಿರುವ ಮಗು ಆರನೆಯ ವಾರದ ಆಸುಪಾಸಿನಲ್ಲಿ ಸೊರಗತೊಡಗುತ್ತದೆ. ಎರಡೂ ಮಕ್ಕಳು ಹೆರಿಗೆ ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಚೆನ್ನಾಗಿಯೇ ಕಾಣಬಹುದು.

ಕಾರಣಗಳು

ಬಹುಪಾಲು ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗದು. ತಾಯಿ ಪಪ್ಪಾಯಿ ತಿಂದಳು, ಗ್ರಹಣ ನೋಡಿದಳು, ಭಾರ ಹೊತ್ತಳು ಎಂಬ ಆರೋಪಗಳಿಗೆ ಯಾವ ಆಧಾರವೂ ಇಲ್ಲ. ಬಾಣಂತಿಯ ಮೇಲೆ ಅಂಥ ಮಾತು ಹೊರಿಸುವುದು ಅನ್ಯಾಯ.

ಗೊತ್ತಿರುವ ಕಾರಣಗಳಲ್ಲಿ ವರ್ಣತಂತುಗಳ ವ್ಯತ್ಯಾಸ ಮುಖ್ಯ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹೃದಯದೋಷವೂ ಇರುತ್ತದೆ. ಟರ್ನರ್ ಸಿಂಡ್ರೋಮ್‌ನಲ್ಲಿ ಮಹಾಪಧಮನಿ ಕಿರಿದಾಗುವುದುಂಟು. ಗರ್ಭಿಣಿಯ ಸಕ್ಕರೆಕಾಯಿಲೆ ಮೊದಲ ವಾರಗಳಲ್ಲಿ ಹತೋಟಿ ತಪ್ಪಿದ್ದರೆ ಅಪಾಯ ಏರುತ್ತದೆ. ಮೂರ್ಛೆರೋಗದ ಮತ್ತು ಮನೋರೋಗದ ಕೆಲವು ಮಾತ್ರೆಗಳಿಂದಲೂ ಏರುತ್ತದೆ. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಈ ದೋಷಗಳು ಹೆಚ್ಚು ಎಂಬುದನ್ನು ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ವಾಡಿಕೆ ಇನ್ನೂ ಉಳಿದಿರುವ ನಮ್ಮ ಕಡೆ ಇದು ಲಘುವಾಗಿ ತಳ್ಳಿಹಾಕುವ ಸಂಗತಿಯಲ್ಲ. ಮೊದಲ ಮಗುವಿಗೆ ದೋಷವಿದ್ದರೆ ಮುಂದಿನ ಮಗುವಿಗೂ ಬರುವ ಸಂಭವ ನೂರಕ್ಕೆ ಎರಡರಿಂದ ಐದು. ಅಂದರೆ ಕನಿಷ್ಠ ತೊಂಬತ್ತೈದು ಪಾಲು ಬರುವುದಿಲ್ಲ.

ತಡೆಯಬಹುದಾದ ಕಾರಣಗಳಲ್ಲಿ ರುಬೆಲ್ಲಾ ಮುಂಚೂಣಿಯಲ್ಲಿದೆ. ಆಸ್ಟ್ರೇಲಿಯದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿ, ಹುಟ್ಟುತ್ತಲೇ ಕಣ್ಣಿನ ಪೊರೆ ಬಂದಿದ್ದ ಮಕ್ಕಳ ತಾಯಂದಿರು ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಜ್ವರಕ್ಕೆ ತುತ್ತಾಗಿದ್ದರೆಂದು ಗುರುತಿಸಿದ. ಅದೇ ಮಕ್ಕಳಲ್ಲಿ ಅನೇಕರ ಹೃದಯಕ್ಕೂ ಪೆಟ್ಟು ಬಿದ್ದಿತ್ತು. ಮೈಮೇಲೆ ನಾಲ್ಕು ಗುಳ್ಳೆ ಎದ್ದು ಮೂರು ದಿನದಲ್ಲಿ ಮಾಯವಾಗುವ ಈ ಜ್ವರ ತಾಯಿಗೆ ಏನೂ ಅಲ್ಲ. ಹೊಟ್ಟೆಯೊಳಗಿನ ಮಗುವಿಗೆ ಮಾತ್ರ ಕಣ್ಣು, ಕಿವಿ, ಹೃದಯ ಮೂರನ್ನೂ ಕೆಡಿಸಬಲ್ಲದು. ಭಾರತದ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ 2017ರ ಫೆಬ್ರವರಿಯಲ್ಲಿ ಶುರುವಾದದ್ದು ಕರ್ನಾಟಕವೂ ಸೇರಿದಂತೆ ಐದು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ.

ಎಡದಿಂದ ಬಲಕ್ಕೆ ಸೋರುವ ದೋಷಗಳು

ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯ ತೂತು ಶಿಶುಗಳಲ್ಲಿ ಅತಿ ಸಾಮಾನ್ಯ. ಆಸ್ಪತ್ರೆಯ ಚೀಟಿಗಳಲ್ಲಿ ಇದನ್ನು ವಿಎಸ್‌ಡಿ ಎಂದು ಬರೆಯುತ್ತಾರೆ. ಫ್ರಾನ್ಸಿನ ಆಂರಿ ರೋಜೆ 1879ರಲ್ಲಿ ವರ್ಣಿಸಿದ ಸಣ್ಣ ತೂತು ಸ್ಟೆತಸ್ಕೋಪ್‌ಗೆ ಜೋರಾಗಿ ಕೇಳಿಸುತ್ತದೆ, ಮಗುವಿಗೆ ಏನೂ ಮಾಡುವುದಿಲ್ಲ. ದೊಡ್ಡ ತೂತಿನಲ್ಲಿ ಸದ್ದು ಕಡಿಮೆ, ಹಾನಿ ಹೆಚ್ಚು. ಗೋಡೆಯ ಸ್ನಾಯುಭಾಗದಲ್ಲಿರುವ ಸಣ್ಣ ತೂತುಗಳಲ್ಲಿ ಬಹುಪಾಲು ಎರಡು ವರ್ಷದೊಳಗೆ ತಾವಾಗಿ ಮುಚ್ಚಿಕೊಳ್ಳುತ್ತವೆ.

ದೊಡ್ಡ ತೂತಿರುವ ಮಗು ಹಾಲು ಕುಡಿಯುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಸಿದ ಮಗು ಆತುರದಿಂದ ಬಾಯಿ ಹಾಕುತ್ತದೆ. ನಾಲ್ಕೈದು ಸಲ ಚೀಪಿ ಬಿಟ್ಟುಬಿಡುತ್ತದೆ, ಏದುಸಿರು ಬಿಡುತ್ತದೆ, ಮತ್ತೆ ಚೀಪುತ್ತದೆ. ಚಳಿಯ ಬೆಳಗಿನಲ್ಲೂ ಹಣೆಯ ಮೇಲೆ, ತಲೆಗೂದಲ ಬುಡದಲ್ಲಿ ಬೆವರ ಹನಿಗಳು ನಿಲ್ಲುತ್ತವೆ. ಪ್ರತಿ ಉಸಿರಿಗೂ ಪಕ್ಕೆಗಳ ಕೆಳಗೆ ಗುಳಿ ಬೀಳುತ್ತದೆ. ಅರ್ಧ ಗಂಟೆಯ ಮೇಲೂ ಹೊಟ್ಟೆ ತುಂಬಿರುವುದಿಲ್ಲ, ದಣಿದು ನಿದ್ದೆ ಹೋಗುತ್ತದೆ, ಹಸಿವಿಗೆ ಮತ್ತೆ ಎದ್ದು ಅಳುತ್ತದೆ. ಮನೆಯವರು ತಾಯಿಗೆ ಹಾಲು ಸಾಲದು ಎನ್ನುತ್ತಾರೆ. ದೃಷ್ಟಿ ತೆಗೆಸುತ್ತಾರೆ, ಬಾಲಗ್ರಹ ಎಂದು ತಾಯಿತ ಕಟ್ಟಿಸುತ್ತಾರೆ, ಕೆಲವೆಡೆ ಎಳೆಯ ಹೊಟ್ಟೆಯ ಮೇಲೆ ಬರೆ ಹಾಕಿಸಿದ ಗುರುತುಗಳೂ ಸಿಗುತ್ತವೆ. ನಿಜಕ್ಕೂ ಆಗುತ್ತಿರುವುದು ಹೃದಯ ವೈಫಲ್ಯ: ಎಡಗಡೆಯ ಶುದ್ಧ ರಕ್ತ ತೂತಿನಲ್ಲಿ ಬಲಕ್ಕೆ ಸೋರಿ, ಮೈಗೆ ಹೋಗಬೇಕಾದ ಪಾಲು ಮತ್ತೆ ಶ್ವಾಸಕೋಶಕ್ಕೇ ಹೋಗಿ ಅಲ್ಲಿ ತುಂಬಿಕೊಳ್ಳುತ್ತದೆ, ಹೃದಯ ಒಂದೇ ರಕ್ತವನ್ನು ಎರಡೆರಡು ಸಲ ತಳ್ಳಿ ಸೋಲುತ್ತದೆ.

ಡಕ್ಟಸ್ ಮುಚ್ಚದೆ ಉಳಿದರೂ ಇದೇ ಬಗೆಯ ಸೋರಿಕೆ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಇದು ತೀರ ಸಾಮಾನ್ಯ, ಮತ್ತು ಔಷಧಿಗೆ ಬಗ್ಗುತ್ತದೆ. ದಿನ ತುಂಬಿ ಹುಟ್ಟಿದವರಲ್ಲಿ ಔಷಧಿ ನಾಟುವುದಿಲ್ಲ, ತೊಡೆಯ ರಕ್ತನಾಳದ ಮೂಲಕ ಬೂಚು ಕೂರಿಸುವುದೋ ಕಟ್ಟುವುದೋ ಆಗಬೇಕು. ಹೃತ್ಕರ್ಣಗಳ ನಡುವಿನ ತೂತು ಶೈಶವದಲ್ಲಿ ಬಹುತೇಕ ಮೌನವಾಗಿರುತ್ತದೆ. ಸಾಮಾನ್ಯವಾಗಿ ಶಾಲೆಗೆ ಸೇರುವ ವಯಸ್ಸಿನ ಹೊತ್ತಿಗೆ ಮುಚ್ಚಿದರೆ ಸಾಕು. ಡೌನ್ ಸಿಂಡ್ರೋಮ್‌ನ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ, ಹೃದಯದ ನಟ್ಟನಡುವೆ ಮೇಲಿನ ಗೋಡೆಯೂ ಕೆಳಗಿನ ಗೋಡೆಯೂ ಸೇರದೆ ಉಳಿದ ದೊಡ್ಡ ದೋಷಕ್ಕೆ ಮಾತ್ರ ಅಷ್ಟು ಪುರುಸೊತ್ತಿಲ್ಲ. ಅದನ್ನು ಮೂರರಿಂದ ಆರು ತಿಂಗಳೊಳಗೆ ಸರಿಪಡಿಸಬೇಕು.

ನೀಲಿಗಟ್ಟುವ ಮಕ್ಕಳು

ಅಶುದ್ಧ ರಕ್ತ ಶ್ವಾಸಕೋಶಕ್ಕೆ ಹೋಗದೆ ನೇರವಾಗಿ ಮೈಗೆ ಬೆರೆತರೆ ಮಗು ನೀಲಿಗಟ್ಟುತ್ತದೆ. ಹಸುಗೂಸಿನ ಅಂಗೈ ಅಂಗಾಲು ಚಳಿಗೆ ನೀಲಿಯಾಗುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ನೋಡಬೇಕಾದದ್ದು ನಾಲಿಗೆ ಮತ್ತು ತುಟಿಯ ಒಳಭಾಗ. ನಮ್ಮ ಮಕ್ಕಳ ಮೈಬಣ್ಣದಲ್ಲಿ ಚರ್ಮದ ನೀಲಿ ಸುಲಭಕ್ಕೆ ಕಾಣುವುದಿಲ್ಲ, ರಕ್ತಹೀನತೆಯಿದ್ದರಂತೂ ಇನ್ನೂ ಮರೆಯಾಗುತ್ತದೆ. ‘ಮಗು ಅತ್ತರೆ ಕಪ್ಪಾಗುತ್ತೆ’ ಎಂದು ತಾಯಿ ಹೇಳಿದರೆ ಆ ಮಾತನ್ನು ಪರೀಕ್ಷೆ ಮಾಡದೆ ಬಿಡಬಾರದು.

ಈ ಗುಂಪಿನಲ್ಲಿ ಹೆಚ್ಚು ಕಾಣುವುದು ಫ್ಯಾಲೋ ಚತುಷ್ಟಯ. ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್ 1671ರಲ್ಲೇ ಇದನ್ನು ಕಂಡಿದ್ದ. ಮಾರ್ಸೆ ನಗರದ ವೈದ್ಯ ಫ್ಯಾಲೋ 1888ರಲ್ಲಿ ರೋಗಿ ಬದುಕಿರುವಾಗಲೇ ಇದನ್ನು ಗುರುತಿಸಬಹುದೆಂದು ತೋರಿಸಿದ. ಶ್ವಾಸಕೋಶದ ದಾರಿ ಕಿರಿದು, ಕೆಳಗೋಡೆಯಲ್ಲಿ ದೊಡ್ಡ ತೂತು, ಆ ತೂತಿನ ಮೇಲೆ ಕಾಲುಚಾಚಿ ಕೂತ ಮಹಾಪಧಮನಿ, ದಪ್ಪಗಾದ ಬಲ ಹೃತ್ಕುಕ್ಷಿ, ಇವು ನಾಲ್ಕು ಲಕ್ಷಣಗಳು. ಶಸ್ತ್ರಚಿಕಿತ್ಸೆಯಿಲ್ಲದೆ ಹತ್ತು ವರ್ಷ ಮುಟ್ಟುವವರು ಸುಮಾರು ನಾಲ್ಕರಲ್ಲಿ ಒಬ್ಬರು ಮಾತ್ರ.

ಇದರ ಅತಿ ಭಯಂಕರ ತೊಡಕು ನೀಲಿ ಸೆಳವು. ಸಾಮಾನ್ಯವಾಗಿ ಎರಡು ತಿಂಗಳಿಂದ ಎರಡು ವರ್ಷದ ಮಕ್ಕಳಲ್ಲಿ, ಬೆಳಿಗ್ಗೆ ನಿದ್ದೆಯಿಂದ ಎದ್ದಾಗ, ಅತ್ತಾಗ, ಹಾಲು ಕುಡಿದಾಗ, ಮಲವಿಸರ್ಜನೆಯ ವೇಳೆ ಬರುತ್ತದೆ. ಮಗು ತಡೆಯಿಲ್ಲದೆ ಅಳುತ್ತದೆ, ಉಸಿರು ಆಳವಾಗಿ ವೇಗವಾಗಿ ಏಳುತ್ತದೆ, ತುಟಿ ಕಡುನೀಲಿಯಾಗುತ್ತದೆ, ಆಮೇಲೆ ಕೈಕಾಲು ಸಡಿಲಬಿಟ್ಟು ಜೋಲುತ್ತದೆ. ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ಕಿರಿದಾದ ದಾರಿ ಇನ್ನಷ್ಟು ಬಿಗಿದು ಶ್ವಾಸಕೋಶಕ್ಕೆ ರಕ್ತ ನಿಂತೇಹೋಗುವುದು ಇದಕ್ಕೆ ಕಾರಣ. ಆ ಕ್ಷಣಕ್ಕೆ ತಾಯಿ ಮಾಡಬೇಕಾದದ್ದು: ಮಗುವನ್ನು ಸಮಾಧಾನಪಡಿಸಿ ಎದೆಗವಚಿಕೊಂಡು, ಅದರ ಎರಡೂ ಮಂಡಿಗಳನ್ನು ಮಡಿಸಿ ಎದೆಗೆ ಒತ್ತಿ ಹಿಡಿಯುವುದು, ಹಾಗೆಯೇ ಆಸ್ಪತ್ರೆಗೆ ಹೊರಡುವುದು. ಮಂಡಿ ಮಡಿಸಿದಾಗ ಕಾಲುಗಳ ರಕ್ತನಾಳ ಒತ್ತಿಕೊಂಡು ಮೈಯ ಕಡೆಯ ಒತ್ತಡ ಏರುತ್ತದೆ, ರಕ್ತ ಅನಿವಾರ್ಯವಾಗಿ ಶ್ವಾಸಕೋಶದ ಕಡೆಗೆ ತಿರುಗುತ್ತದೆ. ನಡೆಯಲು ಕಲಿತ ಮಕ್ಕಳು ಇದನ್ನು ಯಾರೂ ಹೇಳಿಕೊಡದೆ ಕಂಡುಕೊಳ್ಳುತ್ತಾರೆ. ನಾಲ್ಕು ಹೆಜ್ಜೆ ಓಡಿ ಕುಕ್ಕುರುಗಾಲಲ್ಲಿ ಕುಳಿತುಬಿಡುತ್ತಾರೆ.

ಎರಡು ಮಹಾನಾಳಗಳು ಅದಲುಬದಲಾಗಿ ಹುಟ್ಟುವ ದೋಷದ ಗಡುವು ಇನ್ನೂ ಕಿರಿದು. ಮೈಯ ರಕ್ತ ಮೈಯಲ್ಲೇ, ಶ್ವಾಸಕೋಶದ ರಕ್ತ ಶ್ವಾಸಕೋಶದಲ್ಲೇ ಸುತ್ತುತ್ತಿರುತ್ತದೆ. ಕಿಂಡಿಯ ಮೂಲಕ ಬೆರೆಯುವ ಅಷ್ಟಿಷ್ಟು ರಕ್ತದಿಂದ ಮಗು ಜೀವ ಹಿಡಿದಿರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಅರ್ಧದಷ್ಟು ಮಕ್ಕಳು ಮೊದಲ ತಿಂಗಳಲ್ಲಿ, ನೂರಕ್ಕೆ ತೊಂಬತ್ತು ಮಕ್ಕಳು ಮೊದಲ ವರ್ಷದಲ್ಲಿ ತೀರಿಹೋಗುತ್ತಾರೆ. ನಾಳಗಳನ್ನು ಬದಲಿಸಿ ಹೊಲಿಯುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮೊದಲ ಮೂರು ವಾರಗಳೊಳಗೆ ಆಗಬೇಕು. ಆಮೇಲೆ ಎಡ ಹೃತ್ಕುಕ್ಷಿ, ಶ್ವಾಸಕೋಶದ ಕಡಿಮೆ ಒತ್ತಡಕ್ಕೆ ಒಗ್ಗಿ, ಮೈಗೆಲ್ಲ ರಕ್ತ ತಳ್ಳುವ ಕಸುವು ಕಳೆದುಕೊಂಡಿರುತ್ತದೆ.

ಶ್ವಾಸಕೋಶದಿಂದ ಮರಳುವ ಅಭಿಧಮನಿಗಳೆಲ್ಲ ತಪ್ಪು ಕೋಣೆಗೆ ಸೇರುವ ದೋಷದಲ್ಲಿ ದಾರಿ ಕಟ್ಟಿಕೊಂಡಿದ್ದರೆ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಉಸಿರಾಟ ಕೆಡುತ್ತದೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕಾಯಿಲೆಯಂತೆಯೇ ಕಾಣುವುದರಿಂದ ಬೆಲೆಬಾಳುವ ಸಮಯ ತಪ್ಪು ಚಿಕಿತ್ಸೆಯಲ್ಲಿ ಕಳೆದುಹೋಗುವ ಭಯವಿದೆ.

ದಾರಿ ಕಟ್ಟಿದ ಹೃದಯಗಳು

ಮಹಾಪಧಮನಿ ಕಿರಿದಾಗಿರುವುದು, ಎಡ ಹೃತ್ಕುಕ್ಷಿಯೇ ಬೆಳೆಯದಿರುವುದು, ಶ್ವಾಸಕೋಶದ ಕವಾಟ ಪೂರ್ತಿ ಮುಚ್ಚಿರುವುದು, ಇವುಗಳಲ್ಲಿ ಮಗುವಿನ ಬದುಕು ನಿಂತಿರುವುದು ಡಕ್ಟಸ್ ಎಂಬ ಆ ಗಿಡ್ಡ ನಾಳದ ಮೇಲೆ. ಅದು ತೆರೆದಿರುವಷ್ಟು ದಿನ ಮಗು ಹಾಲು ಕುಡಿಯುತ್ತದೆ, ಆಡುತ್ತದೆ. ಮುಚ್ಚುತ್ತಾ ಬಂದಂತೆ ಶ್ವಾಸಕೋಶದ ದಾರಿ ಕಟ್ಟಿದ ಮಗು ಕಡುನೀಲಿಯಾಗುತ್ತದೆ. ಮೈಯ ದಾರಿ ಕಟ್ಟಿದ ಮಗು ಬೂದಿಬಣ್ಣಕ್ಕೆ ತಿರುಗಿ ತಣ್ಣಗಾಗುತ್ತದೆ, ಮೂತ್ರ ನಿಲ್ಲುತ್ತದೆ. ಇದನ್ನು ರಕ್ತದ ಸೋಂಕು ಎಂದು ತಿಳಿಯುವುದು ಸುಲಭ. ತೊಡೆಸಂದಿಯ ನಾಡಿಯನ್ನು ಬೆರಳಿಟ್ಟು ನೋಡುವ ಅರೆನಿಮಿಷದ ಪರೀಕ್ಷೆ ಇಲ್ಲಿ ಎಷ್ಟೋ ಯಂತ್ರಗಳಿಗಿಂತ ಹೆಚ್ಚು ಹೇಳುತ್ತದೆ: ಕೈಯಲ್ಲಿ ನಾಡಿ ಚೆನ್ನಾಗಿದ್ದು ತೊಡೆಯಲ್ಲಿ ಸಿಗದಿದ್ದರೆ ಮಹಾಪಧಮನಿ ಕಿರಿದಾಗಿದೆ ಎಂದೇ ಅನುಮಾನಿಸಬೇಕು. 1970ರ ದಶಕದ ನಡುವಿನಲ್ಲಿ ಬಳಕೆಗೆ ಬಂದ ಪ್ರೊಸ್ಟಗ್ಲಾಂಡಿನ್ ಡ್ರಿಪ್, ಮುಚ್ಚುತ್ತಿರುವ ಡಕ್ಟಸ್ ಅನ್ನು ಮತ್ತೆ ತೆರೆದು ಶಸ್ತ್ರಚಿಕಿತ್ಸೆಯವರೆಗೆ ದಿನಗಳನ್ನು ಗಳಿಸಿಕೊಡುತ್ತದೆ. ಕೆಲವು ಮಕ್ಕಳಲ್ಲಿ ಅದು ಉಸಿರನ್ನೇ ನಿಲ್ಲಿಸುವುದರಿಂದ ದೂರದ ಊರಿನಿಂದ ಸಾಗಿಸುವಾಗ ಉಸಿರಿನ ನೆರವು ಕೊಡಬಲ್ಲವರು ಜೊತೆಗಿರಬೇಕು.

ತೊಡಕುಗಳು

ಹೃದಯ ವೈಫಲ್ಯದ ಜೊತೆಜೊತೆಗೇ ಬರುವುದು ಕುಂಠಿತ ಬೆಳವಣಿಗೆ. ಉಸಿರಾಡುವ ಕೆಲಸಕ್ಕೇ ಶಕ್ತಿ ಖರ್ಚಾಗುವ ಮಗುವಿಗೆ ಬೇರೆ ಮಕ್ಕಳಿಗಿಂತ ಹೆಚ್ಚು ಆಹಾರ ಬೇಕು, ಕುಡಿಯಲು ಮಾತ್ರ ಬೇರೆ ಮಕ್ಕಳಷ್ಟೂ ಆಗದು. ತಾಯಿಯ ಹಾಲನ್ನು ಹಿಂಡಿ ಒಳಲೆಯಲ್ಲೋ ಚಮಚದಲ್ಲೋ ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕುಡಿಸುವುದು, ಅದೂ ಸಾಲದಿದ್ದರೆ ಮೂಗಿನ ನಳಿಕೆಯಿಂದ ಕೊಡುವುದು ಮದ್ದಿನಷ್ಟೇ ಮುಖ್ಯ. ತೂಕ ಬರಲಿ, ಆಮೇಲೆ ಆಪರೇಷನ್ ಎಂದು ಕಾಯುವುದು ಹಿಂದಿನ ರೂಢಿ. ದೊಡ್ಡ ತೂತಿನ ಮಗುವಿಗೆ ಆಪರೇಷನ್ ಆಗದೆ ತೂಕ ಬರುವುದಿಲ್ಲ. ರಕ್ತ ತುಂಬಿ ಒದ್ದೆಯಾದ ಶ್ವಾಸಕೋಶಕ್ಕೆ ನ್ಯುಮೋನಿಯ ಮತ್ತೆ ಮತ್ತೆ ತಗಲುತ್ತದೆ. ‘ಕಫ ಕಟ್ಟಿದೆ’ ಎಂದು ತಿಂಗಳಿಗೊಮ್ಮೆ ಆಸ್ಪತ್ರೆ ಸೇರುವ ಕೂಸಿನ ಎದೆಯನ್ನು ಒಮ್ಮೆ ಹೃದಯಕ್ಕಾಗಿಯೂ ಆಲಿಸಬೇಕು. ಹೃದಯದೋಷ ಇದೆಯೆಂದು ಲಸಿಕೆ ತಪ್ಪಿಸುವ ಅಭ್ಯಾಸ ತೀರ ಹಾನಿಕರ. ಈ ಮಕ್ಕಳಿಗೇ ಲಸಿಕೆ ಹೆಚ್ಚು ಬೇಕು.

ಎಲ್ಲ ತೊಡಕುಗಳಲ್ಲಿ ಹೆಚ್ಚು ಮೋಸದ್ದು ಶ್ವಾಸಕೋಶದ ಅಧಿಕ ರಕ್ತದೊತ್ತಡ. ದಿನವೂ ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುವಂತೆ, ತಿಂಗಳುಗಟ್ಟಲೆ ಹೆಚ್ಚಿನ ರಕ್ತದ ಹೊಡೆತ ತಿಂದ ಶ್ವಾಸಕೋಶದ ಸಣ್ಣ ಅಪಧಮನಿಗಳು ದಪ್ಪಗಾಗಿ, ಒಳದಾರಿ ಕಿರಿದಾಗುತ್ತದೆ. ಆಗ ಸೋರಿಕೆ ಕಡಿಮೆಯಾಗುತ್ತದೆ, ಮಗು ಏದುಸಿರು ಬಿಡುವುದು ನಿಲ್ಲುತ್ತದೆ, ತೂಕವೂ ಏರುತ್ತದೆ. ವಾಸಿಯಾಯಿತೆಂದು ಮನೆಯವರು ಆಸ್ಪತ್ರೆಗೆ ಹೋಗುವುದನ್ನು ಬಿಡುತ್ತಾರೆ. ಮಗುವಿನ ಮುಖದಲ್ಲಿ ನಗು ಮರಳಿದ ಆ ತಿಂಗಳುಗಳಲ್ಲೇ ಬಾಗಿಲು ಮುಚ್ಚುತ್ತಿರುತ್ತದೆ. ವರ್ಷಗಳ ಮೇಲೆ ಶ್ವಾಸಕೋಶದ ಒತ್ತಡ ಮೈಯ ಒತ್ತಡವನ್ನೂ ಮೀರಿ, ರಕ್ತ ಬಲದಿಂದ ಎಡಕ್ಕೆ ತಿರುಗಿ ಹರಿಯುತ್ತದೆ. ಹುಟ್ಟಿದಾಗ ಕೆಂಪಗಿದ್ದ ಮಗು ನೀಲಿಯಾಗುತ್ತದೆ. ಆಸ್ಟ್ರಿಯದ ವೈದ್ಯ ವಿಕ್ಟರ್ ಐಸೆನ್‌ಮೆಂಗರ್ 1897ರಲ್ಲಿ ಇಂಥ ಸ್ಥಿತಿಯ 32 ವರ್ಷದ ಗಂಡಸೊಬ್ಬನನ್ನು ವರ್ಣಿಸಿದ. ಆತ ರಕ್ತ ಕಾರಿ ಸತ್ತಿದ್ದ. 1958ರಲ್ಲಿ ಲಂಡನ್ನಿನ ಪಾಲ್ ವುಡ್ ಈ ಸ್ಥಿತಿಯ ಪೂರ್ಣ ವಿವರಣೆ ಕೊಟ್ಟ. ಈ ಹಂತದಲ್ಲಿ ತೂತು ಮುಚ್ಚಿದರೆ ರೋಗಿ ಸಾಯುತ್ತಾನೆ, ಏಕೆಂದರೆ ಒತ್ತಡಕ್ಕೆ ಹೊರದಾರಿ ಅದೊಂದೇ. ಒತ್ತಡ ತಗ್ಗಿಸುವ ಮಾತ್ರೆಗಳು ದಿನ ಸಾಗಿಸಲು ನೆರವಾಗುತ್ತವೆ, ರೋಗವನ್ನು ತೊಡೆಯುವುದಿಲ್ಲ. ಹೆಣ್ಣುಮಕ್ಕಳಿಗೆ ಗರ್ಭಧಾರಣೆಯೇ ಪ್ರಾಣಾಂತಕವಾಗಬಹುದು. ಅಂಥ ಬಸಿರಿನಲ್ಲಿ ಮೂರರಲ್ಲಿ ಒಬ್ಬರು ಅಥವಾ ಅದಕ್ಕೂ ಹೆಚ್ಚು ತಾಯಂದಿರು ಸಾಯುತ್ತಾರೆ. ದೊಡ್ಡ ತೂತನ್ನು ಒಂದು ವರ್ಷದೊಳಗೆ ಮುಚ್ಚಬೇಕೆಂದು ವೈದ್ಯರು ಪಟ್ಟುಹಿಡಿಯುವುದು ಇದನ್ನು ಕಂಡೇ.

ನೀಲಿ ಮಕ್ಕಳಲ್ಲಿ ಮೈ ಆಮ್ಲಜನಕದ ಕೊರತೆ ನೀಗಲು ಕೆಂಪು ರಕ್ತಕಣಗಳನ್ನು ಹೆಚ್ಚಿಸಿಕೊಂಡು ರಕ್ತ ಮಂದವಾಗುತ್ತದೆ. ಬೇಸಿಗೆಯಲ್ಲಿ ವಾಂತಿಭೇದಿ ಹತ್ತಿ ನೀರಿನಂಶ ಇಳಿದರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಪಾರ್ಶ್ವವಾಯು ಹೊಡೆಯಬಹುದು. ಕಬ್ಬಿಣಾಂಶದ ಕೊರತೆ ಈ ಅಪಾಯವನ್ನು ಹೆಚ್ಚಿಸುತ್ತದೆ. ಹಿಮೋಗ್ಲೋಬಿನ್ 12 ಇದ್ದರೆ ಬೇರೆ ಮಗುವಿಗೆ ಸರಿ, ನೀಲಿ ಮಗುವಿಗೆ ಅದು ರಕ್ತಹೀನತೆ. ಶ್ವಾಸಕೋಶದ ಸೋಸುವಿಕೆಯನ್ನು ತಪ್ಪಿಸಿ ಬರುವ ರಕ್ತದೊಡನೆ ರೋಗಾಣುಗಳು ಮಿದುಳು ಮುಟ್ಟಿ ಕೀವುಗಡ್ಡೆ ಕಟ್ಟುವುದುಂಟು, ಸಾಮಾನ್ಯವಾಗಿ ಎರಡು ವರ್ಷ ದಾಟಿದವರಲ್ಲಿ. ಜ್ವರ, ತಲೆನೋವು, ವಾಂತಿ ಒಟ್ಟಿಗೆ ಬಂದ ನೀಲಿ ಮಗುವಿಗೆ ಜ್ವರದ ಸಿರಪ್ ಕೊಟ್ಟು ಮನೆಗೆ ಕಳಿಸಬಾರದು.

ಹೃದಯದ ಒಳಪೊರೆಯ ಸೋಂಕು ಶಿಶುಗಳಲ್ಲಿ ಅಪರೂಪ, ಬೆಳೆದಂತೆ ಸಂಭವ ಹೆಚ್ಚುತ್ತದೆ. ಹುಳುಕು ಹಲ್ಲಿನಿಂದ ರಕ್ತಕ್ಕಿಳಿದ ರೋಗಾಣು ರಭಸದ ಹರಿವಿನಿಂದ ತರಚಿದ ಜಾಗದಲ್ಲಿ ನೆಲೆಯೂರುತ್ತದೆ. ಹಲ್ಲು ಮೂಡಿದ ದಿನದಿಂದ ಬಾಯಿ ಸ್ವಚ್ಛವಾಗಿಡುವುದೇ ಇದಕ್ಕೆ ದೊಡ್ಡ ತಡೆ.

ಪತ್ತೆ

ಗರ್ಭದ 18ರಿಂದ 22 ವಾರಗಳ ನಡುವಿನ ಸ್ಕ್ಯಾನಿನಲ್ಲಿ ನುರಿತವರು ನಾಲ್ಕು ಕೋಣೆಗಳನ್ನೂ ಹೊರಹೋಗುವ ನಾಳಗಳನ್ನೂ ನೋಡಿದರೆ ದೊಡ್ಡ ದೋಷಗಳಲ್ಲಿ ಹೆಚ್ಚಿನವು ಸಿಕ್ಕಿಬೀಳುತ್ತವೆ. ಮುಂಚೆ ಗೊತ್ತಾದರೆ ಹೃದಯ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಊರಿನಲ್ಲೇ ಹೆರಿಗೆಗೆ ಏರ್ಪಾಡು ಮಾಡಬಹುದು. ಹುಟ್ಟಿದ ಮೇಲೆ, 24 ಗಂಟೆ ಕಳೆದ ಮಗುವಿನ ಬಲಗೈಗೂ ಒಂದು ಕಾಲಿಗೂ ಪಲ್ಸ್ ಆಕ್ಸಿಮೀಟರ್ ಹಚ್ಚಿ ನೋಡುವುದು ನೋವಿಲ್ಲದ, ಅಗ್ಗದ ಪರೀಕ್ಷೆ. ಎರಡರಲ್ಲಿ ಒಂದರಲ್ಲಾದರೂ ರಕ್ತದ ಆಮ್ಲಜನಕ ಮಟ್ಟ ನೂರಕ್ಕೆ 95 ಅಥವಾ ಹೆಚ್ಚಿದ್ದು, ನಡುವಿನ ಅಂತರ 3ಕ್ಕಿಂತ ಹೆಚ್ಚಿಲ್ಲದಿದ್ದರೆ ಸರಿ. 90ಕ್ಕಿಂತ ಕಡಿಮೆಯಾದರೆ ತಡಮಾಡದೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕು. ಅಮೆರಿಕ 2011ರಲ್ಲಿ ಇದನ್ನು ಎಲ್ಲ ನವಜಾತರ ತಪಾಸಣೆಗೆ ಶಿಫಾರಸು ಮಾಡಿತು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರ್ ಪ್ರತಿ ಹೆರಿಗೆ ವಾರ್ಡಿನಲ್ಲೂ ಕೂಸಿನ ಕೈಕಾಲು ಮುಟ್ಟಲೇಬೇಕು. ಮಗುವನ್ನು ನೀಲಿಗಟ್ಟಿಸದ ತೂತುಗಳನ್ನು ಇದು ಹಿಡಿಯುವುದಿಲ್ಲ. ಅವಕ್ಕೆ ಆರನೆಯ ವಾರದ ಲಸಿಕೆಯ ದಿನ ಮಗುವಿನ ಬಟ್ಟೆ ಬಿಚ್ಚಿ ಉಸಿರು ಎಣಿಸಿ, ಎದೆ ಆಲಿಸಿ, ತೂಕ ನೋಡುವುದೇ ದಾರಿ.

ಚಿಕಿತ್ಸೆ ಬೆಳೆದು ಬಂದ ಬಗೆ

ಕೆನಡದ ಮೋಡ್ ಅಬಟ್ 1936ರಲ್ಲಿ 1,000 ಹೃದಯಗಳನ್ನು ಪರಿಶೀಲಿಸಿ ದೋಷಗಳ ಸಚಿತ್ರ ಕೋಶವನ್ನು ಪ್ರಕಟಿಸಿದಾಗ ಇವುಗಳಲ್ಲಿ ಒಂದಕ್ಕೂ ಶಸ್ತ್ರಚಿಕಿತ್ಸೆ ಇರಲಿಲ್ಲ. ಎರಡೇ ವರ್ಷದಲ್ಲಿ, 1938ರಲ್ಲಿ, ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಏಳು ವರ್ಷದ ಹುಡುಗಿಯೊಬ್ಬಳ ಡಕ್ಟಸ್ ಕಟ್ಟಿ ಗೆದ್ದ. 1944ರ ನವೆಂಬರ್ 29ರಂದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹದಿನೈದು ತಿಂಗಳ ನೀಲಿ ಮಗುವಿಗೆ ಕೈಯ ಅಪಧಮನಿಯನ್ನು ಶ್ವಾಸಕೋಶದ ಅಪಧಮನಿಗೆ ಜೋಡಿಸಲಾಯಿತು. ಕಿವಿ ಮಂದವಾಗಿದ್ದರಿಂದ ಮಕ್ಕಳ ಎದೆಯ ಮಿಡಿತವನ್ನು ಬೆರಳಿಂದಲೇ ಅರಿಯುತ್ತಿದ್ದ ಹೆಲೆನ್ ಟಾಸಿಗ್, ಡಕ್ಟಸ್ ಮುಚ್ಚಿದಾಗ ನೀಲಿ ಮಕ್ಕಳು ಕೆಡುವುದನ್ನು ಗಮನಿಸಿ, ಕೃತಕವಾಗಿ ಅಂಥ ನಾಳ ಮಾಡಿಕೊಡಬಹುದೇ ಎಂದು ಕೇಳಿದವರು. ಚಾಕು ಹಿಡಿದವರು ಆಲ್ಫ್ರೆಡ್ ಬ್ಲಾಲಾಕ್. ಪ್ರಯೋಗಶಾಲೆಯಲ್ಲಿ ನಾಯಿಗಳ ಮೇಲೆ ಆ ಹೊಲಿಗೆಯನ್ನು ಸಾಧಿಸಿ, ಆಪರೇಷನ್ ದಿನ ಬ್ಲಾಲಾಕ್ ಹಿಂದೆ ಮೆಟ್ಟುಮಣೆಯ ಮೇಲೆ ನಿಂತು ಹೆಜ್ಜೆಹೆಜ್ಜೆಗೂ ಸೂಚನೆ ಕೊಟ್ಟವರು ವಿವಿಯನ್ ಥಾಮಸ್, ಕಾಲೇಜು ಮೆಟ್ಟಿಲು ಹತ್ತಲಾಗದ ಕಪ್ಪು ಜನಾಂಗದ ತಂತ್ರಜ್ಞ. 1945ರ ಪ್ರಬಂಧದಲ್ಲಿ ಅವರ ಹೆಸರಿರಲಿಲ್ಲ. ಗೌರವ ಡಾಕ್ಟರೇಟ್ ಸಿಕ್ಕಿದ್ದು 1976ರಲ್ಲಿ. ಈ ಇತಿಹಾಸದಲ್ಲಿ ಅವರ ಹೆಸರನ್ನು ಉಳಿದಿಬ್ಬರ ಸಮಕ್ಕೇ ಇಡಬೇಕು.

1954ರಲ್ಲಿ ಮಿನೆಸೋಟದ ವಾಲ್ಟನ್ ಲಿಲ್ಲೆಹಾಯ್, ತಂದೆಯ ರಕ್ತಪರಿಚಲನೆಗೇ ಮಗುವನ್ನು ಜೋಡಿಸಿ, ಅಪ್ಪನ ಹೃದಯ ಇಬ್ಬರಿಗಾಗಿ ಮಿಡಿಯುತ್ತಿರುವಾಗ ಮಗುವಿನ ತೂತು ಮುಚ್ಚಿದರು. ಹೀಗೆ ಚಿಕಿತ್ಸೆ ಪಡೆದ 45 ಮಕ್ಕಳಲ್ಲಿ 28 ಮಕ್ಕಳು ಮನೆಗೆ ಮರಳಿದರು. ಹೃದಯ-ಶ್ವಾಸಕೋಶ ಯಂತ್ರ ಸುಧಾರಿಸಿದ ಮೇಲೆ ಈ ಕ್ರಮ ನಿಂತಿತು. 1966ರಲ್ಲಿ ವಿಲಿಯಂ ರಾಶ್‌ಕಿಂಡ್ ಬಲೂನಿನಿಂದ ಹೃತ್ಕರ್ಣಗಳ ನಡುವಿನ ಕಿಂಡಿಯನ್ನು ಅಗಲಿಸುವುದನ್ನು, 1975ರಲ್ಲಿ ಬ್ರೆಜಿಲ್‌ನ ಅಡಿಬ್ ಜಟೆನಿ ಅದಲುಬದಲಾದ ನಾಳಗಳನ್ನು ಬದಲಿಸುವುದನ್ನು ಸಾಧಿಸಿದರು. ಒಂದೇ ಹೃತ್ಕುಕ್ಷಿಯಿರುವ ಮಕ್ಕಳಿಗೆ ಹಂತಹಂತವಾಗಿ ಮಾಡುವ ಫೊಂಟನ್ ವಿಧಾನವೂ ಇದೇ ಕಾಲದ್ದು. ಈಗ ಅನೇಕ ತೂತುಗಳಿಗೆ ಎದೆ ತೆರೆಯಬೇಕಿಲ್ಲ, ತೊಡೆಯ ನಾಳದಿಂದ ಸಾಗಿಸಿದ ಕೊಡೆಯಾಕಾರದ ಸಾಧನ ಸಾಕು.

ಕರ್ನಾಟಕದಲ್ಲಿ

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ನಾರಾಯಣ ಹೃದಯಾಲಯ, 2001ರಿಂದ ಉಚಿತವಾಗಿ ಹೃದಯ ಶಸ್ತ್ರಚಿಕಿತ್ಸೆ ಮಾಡುತ್ತ ಬಂದಿರುವ ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆ ಈ ಕ್ಷೇತ್ರದಲ್ಲಿ ದೇಶಕ್ಕೇ ಗೊತ್ತಿರುವ ಹೆಸರುಗಳು. 2010ರಲ್ಲಿ ಆಗಿನ ಗುಲ್ಬರ್ಗ ವಿಭಾಗದ ಬಡ ಕುಟುಂಬಗಳಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ ಖರ್ಚಿನ ಭಾರವನ್ನು ಹೊತ್ತಿತ್ತು, ಈಗ ಅದನ್ನು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಹೊರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಶಾಲೆಗಳಲ್ಲಿ ಹುಡುಕುವ ಕಾಯಿಲೆಗಳಲ್ಲಿ ಇದೂ ಒಂದು. ಆದರೆ ಅಂಗನವಾಡಿಗೆ ಬರುವ ವಯಸ್ಸಿಗೆ ಎಷ್ಟೋ ಗಡುವುಗಳು ಮೀರಿರುತ್ತವೆ. ಶಿಶುವಿನ ಹೃದಯ ತೆರೆದು ಸರಿಪಡಿಸಬಲ್ಲ ಕೇಂದ್ರಗಳು ಹೆಚ್ಚಾಗಿ ರಾಜಧಾನಿಯಲ್ಲೇ ಸೇರಿಕೊಂಡಿರುವಾಗ, ಬೀದರಿನಲ್ಲೋ ರಾಯಚೂರಿನ ತಾಂಡಾದಲ್ಲೋ ಹುಟ್ಟಿದ ನಾಲ್ಕು ದಿನದ ನೀಲಿ ಕೂಸಿಗೆ ಹಣಕ್ಕಿಂತ ದೂರವೇ ದೊಡ್ಡ ತಡೆ. ಕೇರಳ 2017ರಲ್ಲಿ ಆರಂಭಿಸಿದ ಹೃದ್ಯಂ ಯೋಜನೆ ಪತ್ತೆ, ನೋಂದಣಿ, ಸಾಗಾಟ, ಶಸ್ತ್ರಚಿಕಿತ್ಸೆಗಳನ್ನು ಒಂದೇ ಸರಪಳಿಯಾಗಿ ಹೆಣೆದಿದೆ. ಕರ್ನಾಟಕ ಕಲಿಯಬೇಕಾದದ್ದು ಅಲ್ಲಿದೆ. ಹೆರಿಗೆಯ ನಂತರ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬರುವ ಆಶಾ ಕಾರ್ಯಕರ್ತೆ ಹಾಲು ಕುಡಿಯುವಾಗಿನ ಬೆವರು, ನಿಮಿಷಕ್ಕೆ 60 ದಾಟಿದ ಉಸಿರು, ಏರದ ತೂಕ ಇವನ್ನು ಗುರುತಿಸಿದರೆ ಗಡುವಿನೊಳಗೆ ಸಿಗುವ ಮಕ್ಕಳ ಸಂಖ್ಯೆ ಏರುತ್ತದೆ. ಅವಳಿಗೆ ಆ ತರಬೇತಿ, ಕೈಗೊಂದು ಆಕ್ಸಿಮೀಟರ್, ಫೋನ್ ಮಾಡಿದರೆ ಎತ್ತುವ ಒಬ್ಬ ಮಕ್ಕಳ ವೈದ್ಯ ಬೇಕು.

ಶಸ್ತ್ರಚಿಕಿತ್ಸೆಯ ನಂತರ

ಸರಿಯಾದ ವೇಳೆಗೆ ಮುಚ್ಚಿದ ಸಾಧಾರಣ ತೂತಿನ ಮಗು ಮುಂದೆ ಬೇರೆಲ್ಲರಂತೆ ಬೆಳೆಯುತ್ತದೆ. ಆಟದ ಮೈದಾನಕ್ಕೆ ಕಳಿಸದೆ ಕೂರಿಸುವ ಅಗತ್ಯವಿಲ್ಲ. ಜಟಿಲ ದೋಷಗಳಲ್ಲಿ ಚಿಕಿತ್ಸೆ ಎಂದರೆ ಜೀವನದುದ್ದದ ಜೊತೆ. ಫ್ಯಾಲೋ ಚತುಷ್ಟಯ ಸರಿಪಡಿಸಿಕೊಂಡವರಲ್ಲಿ ಹಲವರಿಗೆ ಯೌವನದಲ್ಲಿ ಶ್ವಾಸಕೋಶದ ಕವಾಟ ಸೋರಿ ಬಲ ಹೃತ್ಕುಕ್ಷಿ ಹಿಗ್ಗುತ್ತದೆ, ಹೊಸ ಕವಾಟ ಬೇಕಾಗುತ್ತದೆ. ಹಳೆಯ ಹೊಲಿಗೆಯ ಗಾಯದಿಂದ ಮಿಡಿತದ ಲಯ ತಪ್ಪಬಹುದು. ಫೊಂಟನ್ ಆದವರ ಯಕೃತ್ತನ್ನೂ ಕಾಲಕಾಲಕ್ಕೆ ನೋಡುತ್ತಿರಬೇಕು. ನವಜಾತ ವಯಸ್ಸಿನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ ಕೆಲವು ಮಕ್ಕಳಲ್ಲಿ ಮಾತು, ಗಮನ, ಕಲಿಕೆ ಹಿಂದುಳಿಯುವುದುಂಟು, ಬೇಗ ಗುರುತಿಸಿದರೆ ತರಬೇತಿಯಿಂದ ಸುಧಾರಿಸುತ್ತದೆ. ಶ್ರೀಮಂತ ದೇಶಗಳಲ್ಲಿ ಜನ್ಮಜಾತ ಹೃದಯದೋಷದ ವಯಸ್ಕರ ಸಂಖ್ಯೆ ಈಗ ಮಕ್ಕಳ ಸಂಖ್ಯೆಯನ್ನು ದಾಟಿದೆ, ಅವರಿಗಾಗಿಯೇ ಪ್ರತ್ಯೇಕ ವೈದ್ಯಶಾಖೆ ಬೆಳೆದಿದೆ. ನಮ್ಮಲ್ಲಿಯೂ ಎರಡು ಮೂರು ದಶಕಗಳ ಹಿಂದೆ ಆಪರೇಷನ್ ಆದ ಮಕ್ಕಳು ಇಂದು ಕೆಲಸಕ್ಕೆ ಸೇರಿ, ಮದುವೆಯಾಗಿ, ಬೇರೆ ಊರುಗಳಲ್ಲಿ ನೆಲೆಸಿದ್ದಾರೆ. ಯಾವ ದೋಷವಿತ್ತು, ಯಾವ ವರ್ಷ ಯಾವ ಶಸ್ತ್ರಚಿಕಿತ್ಸೆಯಾಯಿತು ಎಂಬ ಡಿಸ್ಚಾರ್ಜ್ ಚೀಟಿಯನ್ನು ತಂದೆತಾಯಿ ಜೋಪಾನವಾಗಿ ಇಟ್ಟು ಮಕ್ಕಳ ಕೈಗೆ ಒಪ್ಪಿಸಬೇಕು, ಹೆಣ್ಣುಮಕ್ಕಳಾದರೆ ಬಸಿರಿಗೆ ಮೊದಲೇ ಹೃದ್ರೋಗತಜ್ಞರಿಗೆ ಅದನ್ನು ತೋರಿಸಬೇಕು.